ಓದುಗರ ಪ್ರಶ್ನೆ: ಹವ್ಯಾಸಕ್ಕೆ ಬರೆದ ಕೋಡನ್ನು ಎಲ್ಲಿಡೋಣ?

ಈ ಸಲ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯದ ಸುತ್ತ ಇದ್ದವು: ಬಿಡುವಿನಲ್ಲಿ ಬರೆದ ಪ್ರೋಗ್ರಾಂಗಳನ್ನು ಬೇರೆಯವರಿಗೆ ಸಿಗುವಂತೆ ಇಡುವುದು ಹೇಗೆ, ಅದೂ ತಲೆನೋವಿಲ್ಲದೆ. ಹಾಗಾಗಿ ಎಲ್ಲಕ್ಕೂ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಸಣ್ಣಪುಟ್ಟ ಪ್ರೋಗ್ರಾಂಗಳು ಎಂಟು-ಹತ್ತು ಇವೆ. ಒಂದು, 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುತ್ತದೆ, ಇನ್ನೊಂದು ಮಳೆಯ ಲೆಕ್ಕ ಇಡುತ್ತದೆ. ಬೇಕಾದವರು ತೆಗೆದುಕೊಳ್ಳಲಿ ಎಂಬ ಆಸೆ. 1 ಜಿಬಿ ರ‍್ಯಾಮಿನ ಬಾಡಿಗೆ ಸರ್ವರ್ ಒಂದಿದೆ. ಅದರಲ್ಲಿ ಗಿಟ್‌ಲ್ಯಾಬ್ ಹಾಕಲು ಹೋದೆ, ಅರ್ಧಕ್ಕೇ ನಿಂತಿತು. ಅದರ ಬದಲು ಏನು ಹಾಕಲಿ? ವಾರವಾರ ಅದರ ಹಿಂದೆ ಓಡಲು ಪುರುಸೊತ್ತಿಲ್ಲ. (ಶಿರಸಿ)

ಉತ್ತರ: ಏನನ್ನೂ ಹಾಕಬೇಡಿ. ಗಿಟ್ ಎಂದರೆ ಕೋಡಿನ ಪ್ರತಿ ಬದಲಾವಣೆಯ ಇತಿಹಾಸ ಇಡುವ ತಂತ್ರಾಂಶ, ಅದಕ್ಕೆ ವೆಬ್ ತಾಣದ ರೂಪ ಕೊಡುವುದು ಗಿಟ್‌ಲ್ಯಾಬ್. ಅದು ಇರುವುದು ಹತ್ತಾರು ಜನ ಒಟ್ಟಿಗೆ ಕೆಲಸ ಮಾಡುವ ಕಚೇರಿಗೆ. ಅದರೊಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ರೆಡಿಸ್, ಹಿನ್ನೆಲೆ ಕೆಲಸಕ್ಕೆ ಸೈಡ್‌ಕಿಕ್, ಮುಂದೆ ವೆಬ್ ಸರ್ವರ್ ಎಲ್ಲವೂ ಸದಾ ಓಡುತ್ತಿರಬೇಕು. 4 ಜಿಬಿ ಕೊಟ್ಟರೂ ಏದುಸಿರು ಬಿಡುವ ತಂತ್ರಾಂಶ ಅದು. ನಿಮ್ಮ 1 ಜಿಬಿಯಲ್ಲಿ ಮೆಮೊರಿ ಸಾಲದೆ ಲಿನಕ್ಸೇ ಅದನ್ನು ಅರ್ಧದಲ್ಲಿ ಕೊಂದುಹಾಕಿರುವ ಸಾಧ್ಯತೆ ಹೆಚ್ಚು.

ಗಿಟೀ, ಫೋರ್ಜೆಜೋ ಎಂಬ ಹಗುರ ತಂತ್ರಾಂಶಗಳಿವೆ, 1 ಜಿಬಿಯಲ್ಲಿ ಆರಾಮಾಗಿ ಕೂರುತ್ತವೆ. ಆದರೂ ಒಬ್ಬರ ಕೋಡಿಗೆ ಅವೂ ಬೇಡ ಎನ್ನುತ್ತೇವೆ. ಲಾಗಿನ್ ಪುಟ ಇರುವ ಪ್ರೋಗ್ರಾಂ ಓಡಿಸುವುದು ಹಟ್ಟಿಯಲ್ಲಿ ಹಸು ಕಟ್ಟಿದ ಹಾಗೆ: ನೀವು ಮದುವೆಗೆ ಹೋದರೂ ಹೊತ್ತಿಗೆ ಹಾಲು ಕರೆಯುವವರು ಬೇಕು. 2024ರ ಜನವರಿಯಲ್ಲಿ ಗಿಟ್‌ಲ್ಯಾಬಿನ ಒಂದು ದೋಷ ಹೊರಬಿತ್ತು. ಪಾಸ್‌ವರ್ಡ್ ಮರೆತವರಿಗೆ ಹೋಗಬೇಕಾದ ಮೇಲನ್ನು ಯಾರೋ ಹೊರಗಿನವರು ತಮ್ಮ ವಿಳಾಸಕ್ಕೇ ತರಿಸಿಕೊಳ್ಳಬಹುದಿತ್ತು. ಗಂಭೀರತೆಯ ಅಳತೆಯಲ್ಲಿ ಅದಕ್ಕೆ ಬಿದ್ದ ಅಂಕ 10ಕ್ಕೆ 10. ತಿದ್ದುಪಡಿ ಕೂಡಲೇ ಬಂತು, ನಿಜ. ಆದರೆ ಅದನ್ನು ಹಾಕಿಕೊಳ್ಳಬೇಕಾದವರು ಆ ವಾರ ಊರಲ್ಲಿರಬೇಕಲ್ಲ.

ಇತ್ತೀಚೆಗೆ ಇನ್ನೊಂದು ಕಾಟ ಸೇರಿದೆ. ಎಐ ತರಬೇತಿಗೆ ಪಠ್ಯ ಬಾಚುವ ಬಾಟ್‌ಗಳು ಕೋಡ್ ತೋರಿಸುವ ತಾಣಗಳ ಮೇಲೆ ಮುಗಿಬೀಳುತ್ತಿವೆ. ಇಂಥ ತಾಣದಲ್ಲಿ ಪ್ರತಿ ಕಮಿಟ್‌ಗೂ (ದಾಖಲಿಸಿದ ಒಂದೊಂದು ಬದಲಾವಣೆ) ಪ್ರತಿ ಫೈಲಿಗೂ ಬೇರೆ ಪುಟ. 200 ಕಮಿಟ್, 30 ಫೈಲ್, ಪ್ರತಿಯೊಂದಕ್ಕೂ ಮೂರು ನೋಟ ಎಂದರೆ ಒಂದು ಪುಟ್ಟ ರೆಪೊದಿಂದಲೇ (ಕೋಡೂ ಅದರ ಇತಿಹಾಸವೂ ಇರುವ ಸಂಗ್ರಹ) 18,000 ಪುಟ. ಒಂದೊಂದನ್ನೂ ಸರ್ವರ್ ಆಗಿಂದಾಗಲೇ ಲೆಕ್ಕ ಹಾಕಿ ಬಡಿಸಬೇಕು. ಗ್ನೋಮ್‌ನಂಥ ದೊಡ್ಡ ಯೋಜನೆಯೇ ಇದನ್ನು ತಡೆಯಲು ಅನೂಬಿಸ್ ಎಂಬ ಕಾವಲುಗಾರನನ್ನು ಬಾಗಿಲಲ್ಲಿ ಕೂರಿಸಿತು. ನಿಮ್ಮ 1 ಜಿಬಿ ಯಾವ ಲೆಕ್ಕ?

ನಿಮ್ಮ ಮುಂದಿರುವ ಸರಿಯಾದ ದಾರಿ ಎರಡು. ಸರ್ವರ್ ಇದ್ದೇ ಇದೆ, ಅದನ್ನು ಬಿಡಲಾರೆ ಎಂದಾದರೆ ರೆಪೊವನ್ನು ಬರೀ ಫೈಲುಗಳಾಗಿ ಇಡಿ. ಹಾಗೆ ಇಡಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಗಿಟ್ ರೆಪೊ ಎಂದರೆ ಒಂದು ಫೋಲ್ಡರ್ ಅಷ್ಟೆ. ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ಆಗಲಿ, ಅಪಾಚೆ ಆಗಲಿ, ಚಿತ್ರಗಳನ್ನು ಬಡಿಸುವಂತೆಯೇ ಅದನ್ನೂ ಬಡಿಸುತ್ತದೆ. ಹಳಬರು ಇದನ್ನು 'ಡಂಬ್' ವಿಧಾನ ಎನ್ನುತ್ತಾರೆ. ದಡ್ಡತನವೇ ಇದರ ಗುಣ: ಸರ್ವರ್ ಕಡೆ ಒಡೆಯಲು ಯಾವ ಪ್ರೋಗ್ರಾಮೂ ಇಲ್ಲ.

ಕೆಲಸ ಹೀಗೆ. ರೆಪೊಗಳನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಡಬೇಡಿ. ಉಬುಂಟು 21.04ರಿಂದ ಹೋಮ್ ಫೋಲ್ಡರಿಗೆ 750 ಅನುಮತಿ, ವೆಬ್ ಸರ್ವರಿಗೆ ಒಳಗೆ ಪ್ರವೇಶವಿಲ್ಲ, 403 ಎಂಬ ದೋಷ ಬರುತ್ತದೆ. ಎಸ್‌ಆರ್‌ವಿ ಡೈರೆಕ್ಟರಿಯ ಕೆಳಗೆ ಗಿಟ್ ಎಂಬ ಫೋಲ್ಡರ್ ಮಾಡಿ, ಅದರ ಒಡೆತನ ನಿಮ್ಮ ಬಳಕೆದಾರ ಹೆಸರಿಗೆ ಕೊಡಿ. ಅಲ್ಲಿ 'ಗಿಟ್ ಇನಿಟ್' ಕಮಾಂಡನ್ನು 'ಬೇರ್' ಆಯ್ಕೆಯ ಜೊತೆ ಓಡಿಸಿ. ಹುಟ್ಟಿದ ರೆಪೊದೊಳಗೆ ಹುಕ್ಸ್ ಎಂಬ ಫೋಲ್ಡರಿದೆ, ಗಿಟ್ ತಾನಾಗಿ ಓಡಿಸುವ ಪುಟ್ಟ ಪ್ರೋಗ್ರಾಂಗಳ (ಹುಕ್‌ಗಳ) ಜಾಗ ಅದು. ಅದರಲ್ಲಿ 'ಪೋಸ್ಟ್-ಅಪ್‌ಡೇಟ್ ಡಾಟ್ ಸ್ಯಾಂಪಲ್' ಎಂಬ ಫೈಲು ಸಿದ್ಧವಾಗಿಯೇ ಇರುತ್ತದೆ. ಹೆಸರಿನ ಕೊನೆಯ 'ಡಾಟ್ ಸ್ಯಾಂಪಲ್' ಕತ್ತರಿಸಿದರೆ ಸಾಕು, ಇನ್ನು ಪ್ರತಿ ಪುಶ್ (ಕಮಿಟ್‌ಗಳನ್ನು ಸರ್ವರಿಗೆ ಕಳಿಸುವುದು) ಆದಮೇಲೆ ಅದು 'ಅಪ್‌ಡೇಟ್-ಸರ್ವರ್-ಇನ್ಫೋ' ಕಮಾಂಡನ್ನು ತಾನೇ ಓಡಿಸಿ, ರೆಪೊದಲ್ಲಿ ಏನೇನಿದೆ ಎಂಬ ಪಟ್ಟಿ ಬರೆದಿಡುತ್ತದೆ. ನಿಮ್ಮ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ಸರ್ವರಿಗೆ ಸುರಕ್ಷಿತ ಸಂಪರ್ಕ) ಮೂಲಕ ಪುಶ್ ಮಾಡಿ. ಓದುಗರು ಎಚ್‌ಟಿಟಿಪಿಎಸ್ ವಿಳಾಸದಿಂದ ಕ್ಲೋನ್ (ಇಡೀ ರೆಪೊದ ನಕಲು) ಮಾಡಿಕೊಳ್ಳುತ್ತಾರೆ. ಆ ಬಾಗಿಲಿನಿಂದ ಯಾರೂ ಪುಶ್ ಮಾಡಲಾರರು.

ಕೆಡುವ ಜಾಗಗಳು ಗೊತ್ತಿರಲಿ. ಕ್ಲೋನ್ ಮಾಡುವಾಗ 'ರೆಪೊಸಿಟರಿ ನಾಟ್ ಫೌಂಡ್' ಎಂದು ಬಂದರೆ ಹುಕ್ ಓಡಿಲ್ಲ ಎಂದೇ ತಿಳಿಯಿರಿ. ವಿಂಡೋಸಿನಿಂದ ನಕಲು ಮಾಡಿ ಹಾಕಿದ್ದರೆ ಎಕ್ಸಿಕ್ಯೂಟ್ ಅನುಮತಿ ಹೋಗಿರುತ್ತದೆ. ಅನುಮತಿ ಕೊಟ್ಟು, ಒಮ್ಮೆ ಆ ಕಮಾಂಡನ್ನು ಕೈಯಾರೆ ಓಡಿಸಿ. ಕ್ಲೋನ್ ಆಯಿತು, ಫೋಲ್ಡರ್ ಮಾತ್ರ ಖಾಲಿ ಎಂದರೆ ಕಾರಣ ಬೇರೆ: ಸರ್ವರಿನ ಹೆಡ್ (ಮುಖ್ಯ ಶಾಖೆ ಯಾವುದು ಎಂಬ ಗುರುತು) 'ಮಾಸ್ಟರ್' ಕಡೆ ಬೆರಳು ತೋರಿಸುತ್ತಿದೆ, ನೀವು ಪುಶ್ ಮಾಡಿದ್ದು 'ಮೇನ್' ಶಾಖೆ. 'ಗಿಟ್ ಸಿಂಬಾಲಿಕ್-ರೆಫ್' ಕಮಾಂಡಿನಿಂದ ಹೆಡ್ಡನ್ನು ಮೇನ್ ಕಡೆ ತಿರುಗಿಸಿ. ಕ್ಲೋನ್ ಬಹಳ ನಿಧಾನ ಎನಿಸಿದರೆ ಸರ್ವರಿನಲ್ಲಿ 'ಗಿಟ್ ಜಿಸಿ' ಓಡಿಸಿ, ಮತ್ತೆ ಅಪ್‌ಡೇಟ್-ಸರ್ವರ್-ಇನ್ಫೋ ಓಡಿಸಿ. ಸಾವಿರ ಚಿಲ್ಲರೆ ಫೈಲುಗಳು ಒಂದೇ ಪ್ಯಾಕ್ ಆಗುತ್ತವೆ. ಇವನ್ನೆಲ್ಲ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸಿದರೆ 'ಡ್ಯೂಬಿಯಸ್ ಓನರ್‌ಶಿಪ್' ಎಂದು ಗಿಟ್ ಹಟ ಹಿಡಿಯುತ್ತದೆ. 2022ರ ಏಪ್ರಿಲಿನ ಭದ್ರತಾ ತಿದ್ದುಪಡಿಯಿಂದ ಬಂದ ಅಭ್ಯಾಸ ಅದು, ರೆಪೊದ ಒಡೆಯರಾಗಿಯೇ ಓಡಿಸಿದರೆ ಸುಮ್ಮನಿರುತ್ತದೆ. 'ಡೆಪ್ತ್' ಹಾಕಿ ಅರ್ಧ ಇತಿಹಾಸದ ಕ್ಲೋನ್ ತೆಗೆಯುವುದು ಈ ವಿಧಾನದಲ್ಲಿ ಆಗುವುದೇ ಇಲ್ಲ. ಹವ್ಯಾಸದ ಕೋಡಿಗೆ ಅದು ಕೊರತೆಯೂ ಅಲ್ಲ.

ಒಂದು ಎಚ್ಚರಿಕೆ. ಹೀಗಿಟ್ಟಾಗ ಆ ಫೋಲ್ಡರಿನ ಎಲ್ಲವನ್ನೂ ಜಗತ್ತು ಓದಬಹುದು, ಕಾನ್ಫಿಗ್ ಫೈಲನ್ನೂ ಹುಕ್ ಅನ್ನೂ ಸೇರಿಸಿ. ಹುಕ್ಕಿನೊಳಗೆ ಯಾವ ಟೋಕನ್ನನ್ನೂ (ಪಾಸ್‌ವರ್ಡಿನಂಥ ಗುಟ್ಟಿನ ಪದ) ಬರೆದಿಡಬೇಡಿ.

ಬ್ರೌಸರಿನಲ್ಲೇ ಕೋಡ್ ನೋಡುವಂತಿರಬೇಕು ಎಂದರೆ ಸ್ಟ್ಯಾಗಿಟ್ ಎಂಬ ಪುಟ್ಟ ಪ್ರೋಗ್ರಾಂ ರೆಪೊದಿಂದ ಎಚ್‌ಟಿಎಂಎಲ್ ಪುಟಗಳನ್ನು ಮೊದಲೇ ಬೇಯಿಸಿ ಇಡುತ್ತದೆ. ಅದನ್ನೂ ಹುಕ್ಕಿಗೆ ಸೇರಿಸಿ. ಬಾಟ್ ಬಂದರೂ ತಣ್ಣನೆಯ ಫೈಲು ತಿಂದುಕೊಂಡು ಹೋಗುತ್ತದೆ. ಸರ್ವರಿನಲ್ಲಿ ಉಳಿದದ್ದು ಇಷ್ಟೇ: ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಪ್ರವೇಶ ನಿಲ್ಲಿಸಿ ಕೀ ಮಾತ್ರ ಇಟ್ಟುಕೊಳ್ಳುವುದು, ಡೆಬಿಯನ್ ಅಥವಾ ಉಬುಂಟುವಿನಲ್ಲಿ ಭದ್ರತಾ ತಿದ್ದುಪಡಿಗಳನ್ನು ತಾನೇ ಹಾಕಿಕೊಳ್ಳುವ 'ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್' ಹಾಕುವುದು, ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ತಾನೇ ನವೀಕರಣ ಆಗುತ್ತಿದೆಯೇ ಎಂದು ಒಮ್ಮೆ ಖಚಿತ ಮಾಡಿಕೊಳ್ಳುವುದು. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆ ಮೇಲನ್ನು ಆ ಸಂಸ್ಥೆ 2025ರಲ್ಲಿ ನಿಲ್ಲಿಸಿದೆ.

ಇನ್ನೊಂದು ದಾರಿ ಗಿಟ್‌ಹಬ್ ಅಥವಾ ಕೋಡ್‌ಬರ್ಗ್, ತಮ್ಮ ಸರ್ವರಿನಲ್ಲಿ ನಿಮ್ಮ ಕೋಡಿಗೆ ಜಾಗ ಕೊಡುವ ತಾಣಗಳು. ಸರ್ವರ್ ಇಲ್ಲದ ಹೆಚ್ಚಿನವರಿಗೆ ನಾವು ಹೇಳುವುದು ಅದನ್ನೇ. ಮುಂದಿನ ಪ್ರಶ್ನೆ ಅದರದೇ.

ಪ್ರಶ್ನೆ: ಗೂಗಲ್ ಕೋಡ್ ಮುಚ್ಚಿದಾಗ ಹಳೆಯ ಕೆಲಸ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಗಿಟ್‌ಹಬ್ ನಾಳೆ ಮುಚ್ಚಿದರೆ? (ಮೈಸೂರು)

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಗೂಗಲ್ ಕೋಡ್ 2006ರಲ್ಲಿ ಶುರುವಾಗಿ 2016ರಲ್ಲಿ ಮುಚ್ಚಿತು. ಅಂಥದೇ ತಾಣ ಗಿಟೋರಿಯಸ್ 2015ರಲ್ಲಿ ಹೋಯಿತು. ಬಿಟ್‌ಬಕೆಟ್ ಉಳಿದಿದೆ, ಆದರೆ 2020ರಲ್ಲಿ ಮರ್ಕ್ಯುರಿಯಲ್ (ಗಿಟ್‌ನಂಥದೇ ಇನ್ನೊಂದು ತಂತ್ರಾಂಶ) ರೆಪೊಗಳನ್ನೆಲ್ಲ ಕೈಬಿಟ್ಟಿತು. ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟಿನದು. ಕೋಡ್‌ಬರ್ಗ್ ಬರ್ಲಿನ್ನಿನ ಲಾಭರಹಿತ ಸಂಘವೊಂದರದು, ಫೋರ್ಜೆಜೋ ಮೇಲೆ ನಡೆಯುತ್ತದೆ, ಮುಕ್ತ ಪರವಾನಗಿ ಇರುವ ಕೋಡಿಗೆ ಮೀಸಲು. ಯಾವುದೂ ಶಾಶ್ವತ ಎಂದು ಬರೆದುಕೊಟ್ಟಿಲ್ಲ.

ಹಾಗಾಗಿ ಎರಡೂ ಕಡೆ ಇಡಿ. ಎರಡು ಸಲ ಪುಶ್ ಮಾಡಬೇಕಿಲ್ಲ. 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್' ಕಮಾಂಡಿಗೆ 'ಆ್ಯಡ್', 'ಪುಶ್' ಎಂಬ ಎರಡು ಆಯ್ಕೆ ಕೊಟ್ಟು ಒರಿಜಿನ್‌ಗೆ (ಪುಶ್ ಹೋಗುವ ಜಾಗಕ್ಕೆ ಗಿಟ್ ಇಟ್ಟ ಹೆಸರು) ಎರಡನೇ ವಿಳಾಸ ಸೇರಿಸಬಹುದು. ಬಹಳ ಮಂದಿ ಎಡವುವುದು ಇಲ್ಲೇ: ಮೊದಲ ಸಲ ಹೀಗೆ ಸೇರಿಸಿದ ವಿಳಾಸ ಹಳೆಯದರ ಜೊತೆ ಕೂರುವುದಿಲ್ಲ, ಅದರ ಜಾಗವನ್ನೇ ಆಕ್ರಮಿಸುತ್ತದೆ. ಗಿಟ್‌ಹಬ್ಬಿಗೆ ಹೋಗುತ್ತಿದ್ದದ್ದು ನಿಂತೇಹೋಗಿ, ಆರು ತಿಂಗಳಾದ ಮೇಲೆ ಗಮನಕ್ಕೆ ಬರುತ್ತದೆ. ಆದ್ದರಿಂದ ಕಮಾಂಡನ್ನು ಎರಡು ಸಲ ಓಡಿಸಿ, ಹಳೆಯ ವಿಳಾಸಕ್ಕೊಮ್ಮೆ, ಹೊಸದಕ್ಕೊಮ್ಮೆ. 'ಗಿಟ್ ರಿಮೋಟ್ -ವಿ' ಕೊಟ್ಟಾಗ ಪುಶ್ ಎಂಬ ಸಾಲು ಎರಡು ಕಾಣಬೇಕು.

ಮೂರನೆಯ ಪ್ರತಿ ಬೇಕೆಂದರೆ ಫ್ರಾನ್ಸಿನ ಇನ್ರಿಯಾ ಸಂಸ್ಥೆ 2016ರಲ್ಲಿ ಆರಂಭಿಸಿದ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಭಂಡಾರವಿದೆ. ಅಲ್ಲಿನ 'ಸೇವ್ ಕೋಡ್ ನೌ' ಪುಟದಲ್ಲಿ ರೆಪೊ ವಿಳಾಸ ಕೊಟ್ಟರೆ ಇತಿಹಾಸ ಸಮೇತ ಎತ್ತಿಟ್ಟುಕೊಳ್ಳುತ್ತದೆ. ಖಾತೆಯೂ ಬೇಡ.

ಮುಚ್ಚುವುದಕ್ಕಿಂತ ನಿಮ್ಮ ಖಾತೆಯೇ ಕೈತಪ್ಪುವ ಸಂಭವ ಹೆಚ್ಚು. ಎರಡು ಹಂತದ ಲಾಗಿನ್‌ಗೆ ಫೋನಿನ ಆ್ಯಪ್ ಬಳಸುವವರು ಹೊಸ ಫೋನ್ ಕೊಂಡ ದಿನ ಹಳೆಯದನ್ನು ಅಳಿಸಿ ಕೊಟ್ಟುಬಿಡುತ್ತಾರೆ. ಗಿಟ್‌ಹಬ್ ಕೊಡುವ 16 ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಮುದ್ರಿಸಿ ಪಡಿತರ ಚೀಟಿ, ಆಧಾರ್ ಇಡುವ ಕಡೆಯೇ ಇಡಿ. ಅದೂ ಇಲ್ಲ, ಫೋನೂ ಇಲ್ಲ ಎಂದರೆ ಖಾತೆಯ ಆಸೆ ಬಿಡಬೇಕಾಗಿ ಬರಬಹುದು.

ಪ್ರಶ್ನೆ: ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೇ ಗಿಟ್ ಸರ್ವರ್ ಇಟ್ಟು ಹೊರಗಿನವರಿಗೆ ತೆರೆಯಬೇಕು. ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಸಿಗುತ್ತಿಲ್ಲ. (ತೀರ್ಥಹಳ್ಳಿ)

ಉತ್ತರ: ರೌಟರಿನ ಪುಟದಲ್ಲಿ ವ್ಯಾನ್ (ಹೊರಗಿನ ಜಾಲದ) ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನಿಮ್ಮದು ಹಂಚಿಕೊಂಡ ವಿಳಾಸ. ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತದೆ. ನೀವು ನಿಮ್ಮ ಬಾಗಿಲು ತೆರೆದಿದ್ದೀರಿ, ವಠಾರದ ಗೇಟು ಮಾತ್ರ ಕಂಪನಿಯ ಕೈಯಲ್ಲಿದೆ. ಹಣ ಕೊಟ್ಟು ಸ್ಥಿರ ಐಪಿ ಪಡೆಯಬಹುದು, ಆದರೆ ಇಷ್ಟಕ್ಕೆ ಅದು ಬೇಡ.

ಪೈಯ ಇನ್ನೊಂದು ಕಷ್ಟ ನಿಮ್ಮೂರಿನ ಮಳೆಗಾಲದ್ದು. ಬರೆಯುತ್ತಿರುವಾಗ ಕರೆಂಟ್ ಹೋದರೆ ಗಿಟ್‌ನ ಫೈಲು ಸೊನ್ನೆ ಬೈಟಿನದಾಗಿ ಉಳಿಯುತ್ತದೆ. ಮುಂದಿನ ಸಲ 'ಆಬ್ಜೆಕ್ಟ್ ಫೈಲ್ ಈಸ್ ಎಂಪ್ಟಿ' ಎಂಬ ದೋಷ. ಎಸ್‌ಡಿ ಕಾರ್ಡು ಸದಾ ಬರೆಸಿಕೊಂಡು ಸವೆಯುವುದು ಬೇರೆ. ಪೈಯನ್ನು ಮನೆಯೊಳಗಿನ ಪ್ರತಿಗೆ ಇಟ್ಟುಕೊಳ್ಳಿ, ಹೊರಗಿನವರಿಗೆ ಕೋಡ್‌ಬರ್ಗ್ ವಿಳಾಸ ಕೊಡಿ. ಪೈಯಿಂದ ಅಲ್ಲಿಗೆ ಪುಶ್ ಮಾಡಿಸುವುದಾದರೆ ನಿಮ್ಮ ಸ್ವಂತ ಕೀಯನ್ನು ಅದರಲ್ಲಿ ಇಡಬೇಡಿ. ಒಂದೇ ರೆಪೊಗೆ ಹೋಗಬಲ್ಲ 'ಡಿಪ್ಲಾಯ್ ಕೀ' ಮಾಡಿಸಿ. ಪೈ ಕೆಟ್ಟವರ ಕೈಗೆ ಸಿಕ್ಕರೂ ಹೋಗುವುದು ಒಂದು ರೆಪೊ. ತಿಂಗಳಿಗೊಮ್ಮೆ 'ಗಿಟ್ ಎಫ್‌ಎಸ್‌ಸಿಕೆ' ಓಡಿಸಿದರೆ ಒಳಗೆ ಏನಾದರೂ ಕೊಳೆತಿದೆಯೇ ಗೊತ್ತಾಗುತ್ತದೆ.

ಪ್ರಶ್ನೆ: ಇಎಸ್‌ಪಿ8266 ಎಂಬ ವೈಫೈ ಚಿಪ್ ಹಾಕಿ ಟ್ಯಾಂಕಿನ ನೀರಿನ ಮಟ್ಟ ಟೆಲಿಗ್ರಾಮಿಗೆ ಕಳಿಸುವ ಕೋಡನ್ನು ಗಿಟ್‌ಹಬ್ಬಿಗೆ ಹಾಕಿದೆ. ವೈಫೈ ಪಾಸ್‌ವರ್ಡೂ ಬಾಟ್ ಟೋಕನ್ನೂ ಅದರಲ್ಲೇ ಇದ್ದವು. ಮರುದಿನ ಅಳಿಸಿ ಕಮಿಟ್ ಮಾಡಿದ್ದೇನೆ. ಸಾಕಲ್ಲವೆ? (ಹುಬ್ಬಳ್ಳಿ)

ಉತ್ತರ: ಸಾಲದು. ಗಿಟ್ ಹಳೆಯ ಪುಟ ಹರಿಯುವುದಿಲ್ಲ, ಹೊಸ ಪುಟ ಸೇರಿಸುತ್ತದೆ ಅಷ್ಟೆ. ನಿನ್ನೆಯ ಕಮಿಟ್ ತೆರೆದವರಿಗೆ ಎಲ್ಲವೂ ಕಾಣುತ್ತದೆ. ಟೋಕನ್ ಹುಡುಕುವ ಬಾಟ್‌ಗಳು ಹೊಸ ಕಮಿಟ್‌ಗಳನ್ನು ಕಾಯುತ್ತಲೇ ಇರುತ್ತವೆ, ಮರುದಿನದವರೆಗೆ ಕಾಯುವುದಿಲ್ಲ.

ಮೊದಲ ಕೆಲಸ ಗಿಟ್‌ನಲ್ಲಿ ಅಲ್ಲ. ಟೆಲಿಗ್ರಾಮಿನ ಬಾಟ್‌ಫಾದರ್‌ಗೆ (ಬಾಟ್‌ಗಳಿಗೆ ಟೋಕನ್ ಕೊಡುವ ಬಾಟ್) 'ರಿವೋಕ್' ಕಮಾಂಡ್ ಕೊಟ್ಟು ಹೊಸ ಟೋಕನ್ ಪಡೆಯಿರಿ, ಹಳೆಯದು ಆ ಕ್ಷಣವೇ ಸಾಯುತ್ತದೆ. ರೌಟರಿನ ವೈಫೈ ಪಾಸ್‌ವರ್ಡ್ ಬದಲಿಸಿ. ಇವೆರಡೂ ಆದಮೇಲೆ ಇತಿಹಾಸ ತೊಳೆಯುವ ಮಾತು. ನಾಲ್ಕೈದು ಕಮಿಟ್ ಮಾತ್ರ ಇದ್ದರೆ ರೆಪೊವನ್ನೇ ಅಳಿಸಿ, ಶುದ್ಧ ಫೋಲ್ಡರಿನಿಂದ ಹೊಸದಾಗಿ ಆರಂಭಿಸುವುದು ಸುಲಭ. ಇತಿಹಾಸ ಬೇಕೇ ಬೇಕೆಂದರೆ 'ಗಿಟ್ ಫಿಲ್ಟರ್-ರೆಪೊ' ಎಂಬ ಉಪಕರಣದ 'ರಿಪ್ಲೇಸ್-ಟೆಕ್ಸ್ಟ್' ಆಯ್ಕೆ ಬಳಸಿ. ಅದು ಹೊಸ ಕ್ಲೋನಿನಲ್ಲೇ ಕೆಲಸ ಮಾಡಲು ಒಪ್ಪುವುದು, ಮುಗಿದ ಮೇಲೆ ಒರಿಜಿನ್ ವಿಳಾಸವನ್ನು ಕಿತ್ತುಹಾಕಿರುತ್ತದೆ. ಮತ್ತೆ ಸೇರಿಸಿ ಫೋರ್ಸ್ ಪುಶ್ (ಸರ್ವರಿನ ಹಳೆಯ ಇತಿಹಾಸದ ಮೇಲೆಯೇ ಬರೆಸುವುದು) ಮಾಡಿ. ಯಾರಾದರೂ ಈಗಾಗಲೇ ಫೋರ್ಕ್ ಮಾಡಿದ್ದರೆ (ತಮ್ಮ ಖಾತೆಗೆ ನಕಲಿಸಿಕೊಂಡಿದ್ದರೆ) ಅವರ ಪ್ರತಿಯನ್ನು ಇದು ಮುಟ್ಟುವುದಿಲ್ಲ. ಟೋಕನ್ ಸಾಯಿಸುವುದು ಮೊದಲು ಎಂದದ್ದು ಅದಕ್ಕೇ.

ಮುಂದಕ್ಕೆ, ಗುಟ್ಟುಗಳನ್ನೆಲ್ಲ 'ಸೀಕ್ರೆಟ್ಸ್ ಡಾಟ್ ಎಚ್' ಎಂಬ ಒಂದೇ ಫೈಲಿಗೆ ತಳ್ಳಿ ಆ ಹೆಸರನ್ನು, ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಾದ 'ಗಿಟ್‌ಇಗ್ನೋರ್'ನಲ್ಲಿ ಬರೆಯಿರಿ. ಸುಳ್ಳು ಪಾಸ್‌ವರ್ಡ್ ತುಂಬಿದ ಮಾದರಿ ಫೈಲೊಂದನ್ನು ಪಕ್ಕದಲ್ಲಿಟ್ಟರೆ ಬಳಸುವವರಿಗೂ ದಾರಿ ತಿಳಿಯುತ್ತದೆ. ಒಮ್ಮೆ ಕಮಿಟ್ ಆದ ಫೈಲಿಗೆ ಗಿಟ್‌ಇಗ್ನೋರ್ ಲೆಕ್ಕಕ್ಕಿಲ್ಲ. 'ಗಿಟ್ ಆರ್‌ಎಂ' ಕಮಾಂಡಿಗೆ 'ಕ್ಯಾಶ್ಡ್' ಆಯ್ಕೆ ಕೊಟ್ಟು ಮೊದಲು ಅದನ್ನು ಪಟ್ಟಿಯಿಂದ ಇಳಿಸಬೇಕು. ಸಾರ್ವಜನಿಕ ರೆಪೊಗಳಿಗೆ ಗಿಟ್‌ಹಬ್ 2024ರಿಂದ ಗುಟ್ಟು ಸೇರಿರುವ ಪುಶ್ ಅನ್ನು ತಾನಾಗಿಯೇ ತಡೆಯುತ್ತದೆ, ಆದರೆ ಅದಕ್ಕೆ ಗುರುತು ಸಿಗುವುದು ದೊಡ್ಡ ಸೇವೆಗಳ ಟೋಕನ್‌ಗಳು. ನಿಮ್ಮ ವೈಫೈ ಪಾಸ್‌ವರ್ಡ್ ಅದರ ಕಣ್ಣಿಗೆ ಬರೀ ಒಂದು ಪದ.

ನಾಚಿಕೊಳ್ಳಬೇಡಿ. ಟೊಯೋಟಾ ಕಂಪನಿಯ ಟಿ-ಕನೆಕ್ಟ್ ಸೇವೆಯ ಕೀ 2017ರ ಡಿಸೆಂಬರಿನಿಂದ 2022ರ ಸೆಪ್ಟೆಂಬರಿನವರೆಗೆ ಗಿಟ್‌ಹಬ್ಬಿನಲ್ಲಿ ಬಯಲಾಗಿಯೇ ಇತ್ತು. 2.96 ಲಕ್ಷ ಗ್ರಾಹಕರ ಮಾಹಿತಿಗೆ ದಾರಿ ತೆರೆದಿತ್ತು.

ಜೊತೆಗೆ ಇನ್ನೆರಡು ಸೋರಿಕೆ ನೋಡಿಕೊಳ್ಳಿ. ಕೋಡಿನಲ್ಲಿ ಅಕ್ಷಾಂಶ-ರೇಖಾಂಶವನ್ನು ಆರು ದಶಮಾಂಶಕ್ಕೆ ಬರೆದರೆ ಅದು ನಿಮ್ಮ ಅಂಗಳಕ್ಕೇ ಬೆರಳು ತೋರಿಸುತ್ತದೆ. ಎರಡು ದಶಮಾಂಶ ಎಂದರೆ ಸುಮಾರು 1 ಕಿಲೋಮೀಟರ್, ಅಷ್ಟು ಸಾಕು. ಟ್ಯಾಂಕಿನ ಫೋಟೊ ಹಾಕಿದ್ದರೆ ಅದರೊಳಗಿನ ಜಿಪಿಎಸ್ ಗುರುತನ್ನು ಎಕ್ಸಿಫ್‌ಟೂಲ್‌ನಿಂದ ಅಳಿಸಿ. ರೆಪೊಗೆ ಹಾಕಿದ ಚಿತ್ರವನ್ನು ಗಿಟ್ ಇದ್ದಂತೆಯೇ ಇಡುತ್ತದೆ.

ಪ್ರಶ್ನೆ: ಕನ್ನಡದ ಫೈಲ್ ಹೆಸರು ಕೊಟ್ಟರೆ 'ಗಿಟ್ ಸ್ಟೇಟಸ್' ಬರೀ ಅಂಕಿ ತೋರಿಸುತ್ತದೆ. ಕೆಲವು ಕನ್ನಡ ಪಠ್ಯಗಳನ್ನು 'ಬೈನರಿ' ಎನ್ನುತ್ತದೆ. (ಧಾರವಾಡ)

ಉತ್ತರ: ಕೆಟ್ಟಿಲ್ಲ, ಗಿಟ್‌ನ ಹಳೆಯ ಸಂಕೋಚ ಅದು. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಪಟ್ಟಿ) ಆಚೆಯ ಬೈಟುಗಳನ್ನು ಅದು ಎಂಟರ ಮೂಲದ ಅಂಕಿಯಲ್ಲಿ ಬರೆಯುತ್ತದೆ. 'ಕ' ಎಂಬುದು \340\262\225 ಆಗುತ್ತದೆ. ಗಿಟ್ ಕಾನ್ಫಿಗ್‌ನಲ್ಲಿ 'ಕೋರ್ ಡಾಟ್ ಕೋಟ್‌ಪಾತ್' ಅನ್ನು 'ಫಾಲ್ಸ್' ಮಾಡಿದರೆ ಕನ್ನಡವೇ ಕಾಣುತ್ತದೆ. ಹಾಗಿದ್ದರೂ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಒಳಗಿನದು ಕನ್ನಡದಲ್ಲಿ ಇಡುವುದೇ ಕ್ಷೇಮ. 'ಕೊ' ಎಂಬ ಅಕ್ಷರದ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಹಳೆಯ ಮ್ಯಾಕ್‌ಗಳು ಹೆಸರನ್ನು ಒಡೆದು ಇಡುತ್ತಿದ್ದವು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಫೈಲು.

'ಬೈನರಿ' ಎನ್ನುತ್ತಿರುವ ಪಠ್ಯ, ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-16 ಎಂಬ ವಿಧಾನದಲ್ಲಿ ಉಳಿದಿರಬೇಕು. ವಿಂಡೋಸ್ ಪವರ್‌ಶೆಲ್ 5.1ರಲ್ಲಿ '>' ಗುರುತು ಹಾಕಿ ಫೈಲಿಗೆ ಬರೆಸಿದರೆ ಬರುವುದು ಅದೇ. ಅದರ ತುಂಬ ಸೊನ್ನೆ ಬೈಟುಗಳು, ಗಿಟ್ ಅದನ್ನು ಪಠ್ಯವೆಂದು ಒಪ್ಪುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ಯುಟಿಎಫ್-8 ಆಯ್ದು ಮತ್ತೆ ಉಳಿಸಿ. ಇಷ್ಟಾದ ಮೇಲೂ ಎರಡು ಸಾಲು ಒಂದೇ ಥರ ಕಂಡು ಗಿಟ್ ಮಾತ್ರ ಬೇರೆ ಎಂದರೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ನುಸುಳಿರುತ್ತದೆ, 'ರ‍್ಯಾ' ಎಂದು ಬರೆಯಲು ಒತ್ತುತ್ತೇವಲ್ಲ, ಅದು.

ಪ್ರಶ್ನೆ: ಪರವಾನಗಿ ಬರೆಯದೆ ಹಾಕಿದರೆ 'ಯಾರು ಬೇಕಾದರೂ ಬಳಸಿ' ಎಂದೇ ಅರ್ಥವಲ್ಲವೆ? ನನ್ನದು ನಿಘಂಟು ಹುಡುಕುವ ಪ್ರೋಗ್ರಾಂ. (ಮಂಗಳೂರು)

ಉತ್ತರ: ಉಲ್ಟಾ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯಕೃತಿಯ ಸಾಲಿಗೆ ಸೇರುತ್ತದೆ. ಬರೆದವರ ಆಯುಷ್ಯ ಮತ್ತು ಮುಂದೆ 60 ವರ್ಷ ಹಕ್ಕು ಅವರದೇ. ಏನೂ ಬರೆಯದಿದ್ದರೆ ಓದಬಹುದು, ಬಳಸುವಂತಿಲ್ಲ. ಏನಾದರೂ ಮಾಡಿಕೊಳ್ಳಲಿ ಎನ್ನುವವರಿಗೆ ಎಂಐಟಿ. ತಿದ್ದಿ ಹಂಚುವವರು ತಿದ್ದಿದ್ದನ್ನೂ ತೆರೆದಿಡಲಿ ಎನ್ನುವವರಿಗೆ ಜಿಪಿಎಲ್. 'ಲೈಸೆನ್ಸ್' ಎಂಬ ಹೆಸರಿನ ಫೈಲಿನಲ್ಲಿ ಪೂರ್ತಿ ಪಠ್ಯ ಹಾಕಿ, ನೀವೇ ವಾಕ್ಯ ಕಟ್ಟಬೇಡಿ.

ನಿಘಂಟಿನ ಪದಗಳಿಗೆ ಬೇರೆಯೇ ಲೆಕ್ಕ. ಕೋಡು ನಿಮ್ಮದಿರಬಹುದು, ಪದಗಳು ಯಾರವು? ಕಿಟೆಲ್ ಅವರ 1894ರ ನಿಘಂಟಿಗೆ ಹಕ್ಕಿನ ಗೊಡವೆ ಇಲ್ಲ, ಅವರು ತೀರಿಕೊಂಡದ್ದು 1903ರಲ್ಲಿ. ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ಓಡಿಬಿಎಲ್ ಎಂಬ ದತ್ತಾಂಶ ಪರವಾನಗಿಯಲ್ಲಿ ಮುಕ್ತವಾಗಿದೆ: ಹೆಸರು ಹೇಳಬೇಕು, ನೀವು ಬೆಳೆಸಿದ ಪಟ್ಟಿಯನ್ನು ಹೊರಗೆ ಬಿಟ್ಟರೆ ಅದೇ ಪರವಾನಗಿಯಲ್ಲಿ ಬಿಡಬೇಕು. ಅದನ್ನು ಎಂಐಟಿ ಕೋಡಿನೊಳಗೆ ಕಲಸದೆ ಬೇರೆ ಫೋಲ್ಡರಿನಲ್ಲಿ, ತನ್ನದೇ ಲೈಸೆನ್ಸ್ ಫೈಲಿನ ಜೊತೆ ಇಡಿ. ಫಾಂಟುಗಳಿಗೂ ಇದೇ ಮಾತು.

ಪ್ರಶ್ನೆ: ನನ್ನ ಸ್ವಂತ ಮೇಲ್ ವಿಳಾಸ ಕಮಿಟ್‌ಗಳಲ್ಲಿ ಕಾಣಿಸುತ್ತಿದೆ. (ದುಬೈ)

ಉತ್ತರ: ಗಿಟ್‌ಹಬ್ ಸೆಟ್ಟಿಂಗ್‌ಗಳ ಇಮೇಲ್ ಪುಟದಲ್ಲಿ ವಿಳಾಸ ಗುಪ್ತವಾಗಿಡುವ ಗುಂಡಿಯನ್ನೂ, ವಿಳಾಸ ಹೊರಹಾಕುವ ಪುಶ್ ತಡೆಯುವ ಗುಂಡಿಯನ್ನೂ ಒತ್ತಿ. ಅಲ್ಲಿ ತೋರಿಸುವ 'ನೋರಿಪ್ಲೈ' ವಿಳಾಸವನ್ನು ನಿಮ್ಮ ಕಂಪ್ಯೂಟರಿನ ಗಿಟ್ ಕಾನ್ಫಿಗ್‌ನ 'ಯೂಸರ್ ಡಾಟ್ ಇಮೇಲ್'ಗೆ ತುಂಬಿ. ಇದು ಮುಂದಿನ ಕಮಿಟ್‌ಗಳಿಗೆ ಮಾತ್ರ. ಹಳೆಯವನ್ನು ಬದಲಿಸಲು ಮೇಲೆ ಹೇಳಿದ ಫಿಲ್ಟರ್-ರೆಪೊದಲ್ಲಿ 'ಮೇಲ್‌ಮ್ಯಾಪ್' ಆಯ್ಕೆ ಇದೆ, ಆದರೆ ಎಲ್ಲ ಕಮಿಟ್‌ಗಳ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಬೇರೆಯವರು ಈಗಾಗಲೇ ಕ್ಲೋನ್ ಮಾಡಿಕೊಂಡಿದ್ದರೆ ಅವರೆಲ್ಲ ಮತ್ತೆ ಹೊಸದಾಗಿ ಕ್ಲೋನ್ ಮಾಡಬೇಕಾದೀತು.